ಉಪ್ಪು ಕಡಿಮೆ ಎಂದು ಬರೆದದ್ದು

ನಾನು ನೀರಿನ ಫಿಲ್ಟರ್ ರಿಪೇರಿ ಮಾಡುವವನು. ಮನೆ ಬನಹಟ್ಟಿಯಲ್ಲಿ, ಹಗಲೆಲ್ಲ ಮಗ್ಗದ ಸದ್ದು ಕೇಳುವ ಓಣಿಯಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಮತ್ತು ಇವುಗಳ ನಡುವಿನ ಹಳ್ಳಿಗಳಲ್ಲಿ ಯಾರ ಅಡುಗೆಮನೆಯ ಗೋಡೆಗೆ ಫಿಲ್ಟರ್ ತೂಗುಬಿದ್ದಿದೆಯೋ ಅವರಲ್ಲಿ ಬಹಳ ಮಂದಿಗೆ ನನ್ನ ಮುಖ ಗೊತ್ತು. ಬೀಳಗಿ ಕಡೆಯ ಬೋರಿನ ನೀರು ಸವಳು, ಅಲ್ಲಿ ಫಿಲ್ಟರಿನೊಳಗೆ ನೀರು ಸೋಸುವ ಕ್ಯಾಂಡಲ್ ಆರು ತಿಂಗಳೂ ತಾಳುವುದಿಲ್ಲ. ಹಾಗಾಗಿ ನನಗೆ ವರ್ಷವಿಡೀ ಕೆಲಸ, ವರ್ಷವಿಡೀ ತಿರುಗಾಟ, ಮಧ್ಯಾಹ್ನದ ಊಟವೆಲ್ಲ ಹೊರಗೆ.

ಬೇರೆಯವರ ಅಡುಗೆಮನೆಯಲ್ಲಿ ಅರ್ಧ ಗಂಟೆ ಕೂತರೆ ಮಾತು ಬಂದೇ ಬರುತ್ತದೆ. ಯಾವ ಮಿಕ್ಸರ್ ತಗೊಳ್ಳೋಣ, ಯಾವ ಮೊಬೈಲ್ ಬಾಳಿಕೆ ಬರುತ್ತದೆ, ಮುಧೋಳದಲ್ಲಿ ನೆಂಟರನ್ನು ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗುವುದು, ಜಮಖಂಡಿಗೆ ಬಂದಿರುವ ಹೊಸ ಸಿನಿಮಾ ಮಕ್ಕಳ ಜೊತೆ ಕೂತು ನೋಡುವಂತಿದೆಯೋ ಇಲ್ಲವೋ. ನಾನು ಸುಮ್ಮನಿರುವ ಮನುಷ್ಯನಲ್ಲ. ನೋಡಿದ್ದು, ಮುಟ್ಟಿದ್ದು, ತಿಂದದ್ದು ಎಲ್ಲದರ ಬಗ್ಗೆ ಒಂದು ಮಾತು ನನ್ನ ಹತ್ತಿರ ತಯಾರಿರುತ್ತಿತ್ತು. ಬಣ್ಣದ ನೂಲಿನ ವ್ಯಾಪಾರ ಮಾಡುವ ಒಬ್ಬ ಗೆಳೆಯ ಇದನ್ನು ನೋಡಿ, "ಮನಿ ಮನಿಗೆ ಹೇಳ್ಕೋತ ಯಾಕ ತಿರಗ್ತೀಯೋ, ಒಂದ ಕಡೆ ಬರದ ಬಿಡು" ಎಂದು ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಟ್ಟ. ಮೊದಲು ನಲವತ್ತು ಜನ ಇದ್ದರು. ಆಮೇಲೆ ನಾಲ್ಕೂ ಊರಿನವರು ಸೇರಿದರು.

ನಾನು ಏನು ಬರೆಯುತ್ತಿದ್ದೆ ಎಂದು ಈಗ ನೆನಪಿಸಿಕೊಂಡರೆ ಸ್ವಲ್ಪ ನಾಚಿಕೆ, ಸ್ವಲ್ಪ ನಗು ಎರಡೂ ಬರುತ್ತವೆ. ಮ್ಯಾಟಿನಿ ಬಿಟ್ಟ ಕೂಡಲೇ ಥಿಯೇಟರಿನ ಮುಂದೆ ಗಾಡಿಯ ಮೇಲೆ ಕೂತು ಬರೆಯುತ್ತಿದ್ದೆ. "ಮೊದಲಿನ ಅರ್ಧ ಕುಂದರಸತೈತಿ, ಎರಡನೇ ಅರ್ಧ ಏಳಸತೈತಿ." ಒಂದು ಮೊಬೈಲಿನ ಬಗ್ಗೆ, "ಫೋಟೋ ಛಲೋ ಬರತಾವ, ಆದ್ರ ಬಿಸಲಾಗ ಹತ್ತು ನಿಮಿಷ ಮಾತಾಡಿದ್ರ ಕಿವಿ ಮ್ಯಾಲೆ ರೊಟ್ಟಿ ಬೇಯತೈತಿ." ಅನಗವಾಡಿ ದಾರಿಯ ಒಂದು ಹೋಟೆಲಿನ ಮಿರ್ಚಿ ಭಜಿ ತಿಂದು, ಇದಕ್ಕಾಗಿ ಬಸ್ ತಪ್ಪಿಸಿಕೊಂಡರೂ ಪರವಾಗಿಲ್ಲ ಎಂದು ಬರೆದಿದ್ದೆ. ಮರುದಿನ ಇಬ್ಬರು ನಿಜವಾಗಿಯೂ ಬಸ್ ತಪ್ಪಿಸಿಕೊಂಡು ಫೋಟೋ ಕಳಿಸಿದರು. ಅದರಲ್ಲಿ ಯಾರಿಗೂ ನೋವಿರಲಿಲ್ಲ. ಛಲೋ ಇದ್ದರೆ ಛಲೋ ಎನ್ನುತ್ತಿದ್ದೆ. ಇಲ್ಲದಿದ್ದರೆ ಹೆಚ್ಚಾಗಿ ಸುಮ್ಮನಿರುತ್ತಿದ್ದೆ.

ಜಮಖಂಡಿಯಲ್ಲಿ ಕೋರ್ಟಿಗೆ ಹೋಗುವ ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ ಒಬ್ಬ ಅಕ್ಕ ಖಾನಾವಳಿ ನಡೆಸುತ್ತಿದ್ದರು. ಐವತ್ತೈದರ ಆಸುಪಾಸಿನ ವಯಸ್ಸು. ಬೋರ್ಡು ಗೀರ್ಡು ಇರಲಿಲ್ಲ. ಮನೆಯ ಮುಂದಿನ ಪಡಸಾಲೆಯಲ್ಲಿ ಆರು ಟೇಬಲ್ ಹಾಕಿದ್ದರು. ಸೊಸೆ ರೊಟ್ಟಿ ಬಡಿಯುತ್ತಿದ್ದಳು, ಪಲ್ಯ ಅಕ್ಕನದು. ಗಂಡ ಹುನ್ನೂರಿನಲ್ಲಿ ಹೊಲ ನೋಡಿಕೊಂಡಿರುತ್ತಿದ್ದರು. ಬದನೆ, ಮೆಂತ್ಯ, ಪುಂಡಿ ಸೊಪ್ಪು ಅಲ್ಲಿಂದಲೇ ಬೆಳಿಗ್ಗೆ ಬಸ್ಸಿಗೆ ಬರುತ್ತಿತ್ತು. ಕೋರ್ಟಿನ ಗುಮಾಸ್ತರು, ಕಾಲೇಜಿನ ಮಾಸ್ತರರು, ಸಂತೆಗೆ ಬಂದವರು, ಎಲ್ಲ ಅಲ್ಲಿಯೇ ಊಟಕ್ಕೆ ಕೂರುತ್ತಿದ್ದರು. ಅವರ ಫಿಲ್ಟರ್ ಕೂರಿಸಿಕೊಟ್ಟವನು ನಾನು. ಆವತ್ತಿನಿಂದ ಎಂಟು ವರ್ಷ ಜಮಖಂಡಿಗೆ ಹೋದ ದಿನವೆಲ್ಲ ನನ್ನ ಊಟ ಅಲ್ಲಿಯೇ.

ಅಕ್ಕ ಪಲ್ಯವನ್ನು ಎಂದೂ ನೆಕ್ಕಿ ನೋಡುತ್ತಿರಲಿಲ್ಲ. ಒಮ್ಮೆ ಕೇಳಿದ್ದೆ. "ಉಗಿ ಬಂದ್ರ ಗೊತ್ತಾಗತೈತೋ ತಮ್ಮಾ. ನೆಕ್ಕಿ ನೋಡೂದು ಮದಿವಿ ಅಡಿಗಿಯವರು" ಎಂದಿದ್ದರು. ಕೈಯಲ್ಲಿ ಉಪ್ಪು ಹಿಡಿದು ಹಾಕುತ್ತಿದ್ದರು, ಮುಗಿಯಿತು.

ನನ್ನ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಜಮಖಂಡಿಯ ದವಾಖಾನೆಯಲ್ಲಿ ಎಂಟು ದಿನ ಇದ್ದಾಗ, ಎರಡೂ ಹೊತ್ತು ಡಬ್ಬಿ ಬಂದದ್ದು ಆ ಮನೆಯಿಂದ. ನಾನು ಡಬ್ಬಿ ಕೇಳಿರಲೇ ಇಲ್ಲ. ಊಟಕ್ಕೆ ಹೋದಾಗ ನನ್ನ ಮುಖ ನೋಡಿ ಏನಾತು ಎಂದು ಕೇಳಿದ್ದರು, ನಾನು ಹೇಳಿದ್ದೆ, ಅಷ್ಟೇ. ಸಂಜೆ ಅವರೇ ನುಚ್ಚು, ಮಜ್ಜಿಗೆ ಹಿಡಿದುಕೊಂಡು ಬಂದರು. ತಾಯಿ ಆ ಎಂಟು ದಿನ ಬಾಯಿಗೆ ಇಟ್ಟದ್ದು ಅದೊಂದನ್ನೇ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದು ಗೊತ್ತಿಲ್ಲದವರಿಗೆ ಮಾಡಿದ್ದಲ್ಲ.

ಎಳ್ಳಮವಾಸ್ಯೆ ಮುಗಿದ ವಾರ ನನಗೆ ಜ್ವರ ಬಂತು. ನಾಲ್ಕು ದಿನ ಮೈಕೈ ನೋವು, ಕೆಮ್ಮು, ಮೂಗು ಕಟ್ಟಿದ್ದು. ಗುಳಿಗೆ ನುಂಗಿದೆ, ಐದನೇ ದಿನ ಗಾಡಿ ಹತ್ತಿದೆ. ಆದರೆ ಅದಾದ ಮೇಲೆ ಊಟ ಯಾಕೋ ಊಟದ ಹಾಗೆ ಇರಲಿಲ್ಲ. ಮನೆಯ ಸಾರು ಸಪ್ಪೆ, ಚಟ್ನಿ ಸಪ್ಪೆ, ರಬಕವಿಯ ಚಹಾ ಬಿಸಿನೀರು. ಕೊರೊನಾ ಕಾಲದಲ್ಲಿ ಮೂಗು ಸತ್ತವರ ಸುದ್ದಿ ನಾನು ಬೇಕಾದಷ್ಟು ಕೇಳಿದ್ದೆ. ಆದರೆ ಅವರಿಗೆ ಏನೇನೂ ತಿಳಿಯುತ್ತಿರಲಿಲ್ಲ ಎಂದು ನನ್ನ ತಲೆಯಲ್ಲಿತ್ತು. ನನಗೆ ಉಪ್ಪು ಉಪ್ಪಾಗಿಯೇ, ಸಕ್ಕರೆ ಸಿಹಿಯಾಗಿಯೇ ತಿಳಿಯುತ್ತಿತ್ತು. ಸ್ವಲ್ಪ ಕಡಿಮೆ ಅನ್ನಿಸುತ್ತಿತ್ತು, ಅಷ್ಟೇ. ಹಾಗಾಗಿ ಕಡಿಮೆಯಾದದ್ದು ಹೊರಗೆ ಎಂದುಕೊಂಡೆ. ಕಾಯಿಪಲ್ಯಕ್ಕೆ ಗೊಬ್ಬರ ಸುರಿಯುತ್ತಾರೆ, ಎಣ್ಣೆ ಮೊದಲಿನ ಎಣ್ಣೆಯಲ್ಲ, ಅಡುಗೆ ಮಾಡುವವರಿಗೆ ಮನಸ್ಸಿಲ್ಲ, ಹೀಗೆ ದಿನಕ್ಕೊಂದು ಕಾರಣ.

ಹೆಂಡತಿಗೂ ಅಂದೆ. "ನಿನ್ನ ಕೈ ಯಾಕೋ ಇತ್ತಿತ್ಲಾಗ ಸಪ್ಪಗಾಗೇತಿ."

"ಮಕ್ಕಳು ಬಟ್ಟಲಾ ಬಳದು ಉಂಡಾರ. ನಿಮಗಷ್ಟ ಸಪ್ಪಗ ಆಗೇತಿ. ಒಮ್ಮೆ ದವಾಖಾನಿಗೆ ತೋರಸ್ರಿ" ಎಂದಳು.

ಸಪ್ಪಗಿದ್ದದ್ದಕ್ಕೆ ದವಾಖಾನೆಗೆ ಯಾರು ಹೋಗುತ್ತಾರೆ ಎಂದು ಉಪ್ಪಿನಕಾಯಿ ಹಾಕಿಕೊಂಡು ಉಂಡೆ.

ಗುಂಪಿನಲ್ಲಿ ನನ್ನ ಬರವಣಿಗೆ ಬದಲಾದದ್ದು ಆ ದಿನಗಳಲ್ಲಿ. ಮುಧೋಳದ ಒಂದು ಅಂಗಡಿಯ ಮಂಡಕ್ಕಿ ಒಗ್ಗರಣೆಯನ್ನು ಎಣ್ಣೆಯಲ್ಲಿ ಅದ್ದಿದ ಹತ್ತಿ ಎಂದು ಬರೆದೆ. ಬೀಳಗಿ ಬಸ್ ನಿಲ್ದಾಣದ ಹತ್ತಿರದ ಚಹಾವನ್ನು, ನಾನು ಕ್ಯಾಂಡಲ್ ತೊಳೆದು ಚೆಲ್ಲುವ ನೀರಿಗೆ ಹೋಲಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಛಲೋ ಐತಿ ಎಂದು ಬರೆದಾಗ ಹತ್ತು ಜನ ಹೆಬ್ಬೆರಳು ಒತ್ತುತ್ತಿದ್ದರು, ಬೈದು ಬರೆದರೆ ನೂರು ಜನ. ಹೊಸಬರು ಸೇರಿದರು. ರಬಕವಿಯಲ್ಲಿ ಸೀರೆ ಅಂಗಡಿಯವರೊಬ್ಬರು ನನ್ನನ್ನು ನಿಲ್ಲಿಸಿ, "ಭಾಳ ಖಡಕ್ ಬರೀತೀರಿ ಸರ, ಹಿಂಗ ಯಾರರ ಇರಬೇಕು" ಎಂದರು. ಫಿಲ್ಟರ್ ರಿಪೇರಿಯವನನ್ನು ಯಾರೂ ಸರ ಎಂದಿರಲಿಲ್ಲ. ಆ ಮಾತು ಇಡೀ ದಿನ ಕಿವಿಯಲ್ಲಿತ್ತು. ನಾಲಿಗೆ ಕೆಟ್ಟಿದ್ದು ನನಗೆ ಗೊತ್ತಿರಲಿಲ್ಲ, ಖರೆ. ಆದರೆ ಬೈಯುವುದರಲ್ಲಿ ನನಗೆ ಖುಷಿ ಹತ್ತಿದ್ದು ನನಗೆ ಗೊತ್ತಿತ್ತು.

ಅಕ್ಕನ ಬಗ್ಗೆ ಬರೆದದ್ದು ಒಂದು ಸೋಮವಾರ. ಬೆಳಿಗ್ಗೆ ಜಮಖಂಡಿಯಲ್ಲಿ ಒಬ್ಬರು ಮನೆಗೆ ಕರೆಸಿ ಎರಡು ತಾಸು ಹೊರಗೆ ಕಾಯಿಸಿ, ಆಮೇಲೆ ನಾಳೆ ಬಾ ಎಂದಿದ್ದರು. ಆ ಸಿಟ್ಟಿನಲ್ಲಿಯೇ ಖಾನಾವಳಿಗೆ ಹೋಗಿ ಕೂತೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೊಸರು. ಮೊದಲ ತುತ್ತು ಬಾಯಿಗಿಟ್ಟೆ. ಬದನೆಕಾಯಿ ಮೆತ್ತಗೆ ಇದೆ ಎಂಬುದು ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಎಡಗೈಯಲ್ಲಿ ಮೊಬೈಲ್ ತೆಗೆದು ತಟ್ಟೆಯ ಫೋಟೋ ಹಿಡಿದೆ. ಅಲ್ಲಿಯೇ ಕೂತು ಬರೆದೆ.

"ಜಮಖಂಡಿ ಕೋರ್ಟ್ ಹತ್ತಿರದ ಅಕ್ಕನ ಖಾನಾವಳಿ. ಒಂದು ಕಾಲಕ್ಕೆ ಇಲ್ಲಿ ಊಟ ಅಂದರೆ ಊಟ. ಈಗ ಉಪ್ಪು ಕಡಿಮೆ, ಖಾರ ಕಡಿಮೆ, ಮನಸ್ಸಂತೂ ಇಲ್ಲವೇ ಇಲ್ಲ. ಹಳೆಯ ಹೆಸರಿನ ಮೇಲೆ ಇನ್ನೂ ಎಷ್ಟು ದಿನ?"

ಕಳಿಸಿ ಮೊಬೈಲ್ ಜೇಬಿಗೆ ಇಡುತ್ತಿದ್ದೆ, ಅಕ್ಕ ಬಂದು ಪಕ್ಕದಲ್ಲಿ ನಿಂತರು. "ಇನ್ನೊಂದ ರೊಟ್ಟಿ ಹಾಕಲೇನು?" ಎಂದರು. ಬ್ಯಾಡ್ರಿ ಅಕ್ಕಾರ, ಹೊಟ್ಟಿ ತುಂಬೇತಿ ಎಂದೆ. ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಮೊಬೈಲ್ ನಾಲ್ಕು ಸಲ ಸದ್ದು ಮಾಡಿತ್ತು.

ಕಾಲೇಜಿನ ಮಾಸ್ತರರೊಬ್ಬರು ಮಾತ್ರ, "ನಿನ್ನೆ ಅಲ್ಲೇ ಉಂಡೇನಿ, ಎಲ್ಲ ಸರಿ ಇತ್ತು" ಎಂದು ಬರೆದಿದ್ದರು. ಅದರ ಕೆಳಗೆ ಬೇರೆಯವರ ಸಾಲು ಹತ್ತಿತು. ನನಗೂ ಹಾಗೇ ಅನ್ನಿಸಿತ್ತು, ನಮ್ಮ ಮಾವನೂ ಅಂದಿದ್ದ, ಈಗೆಲ್ಲ ಹೆಸರು ಅಷ್ಟೇ, ಹೀಗೆ. ಅವರಲ್ಲಿ ಕೆಲವರು ಅಲ್ಲಿ ಒಮ್ಮೆಯೂ ಉಂಡಿರಲಿಲ್ಲ ಎಂದು ನನಗೆ ಗೊತ್ತಿತ್ತು. ಸುಮ್ಮನಿದ್ದೆ. ಅದು ಬೇರೆ ಗುಂಪುಗಳಿಗೂ ಹೋಯಿತು.

ಆಮೇಲೆ ಮೂರು ವಾರ ಜಮಖಂಡಿಗೆ ಹೋದರೂ ಆ ಓಣಿಗೆ ಹೋಗಲಿಲ್ಲ. ಬರೆದದ್ದು ತಪ್ಪು ಎಂದಲ್ಲ, ಮುಖ ತೋರಿಸಲು ಸಂಕೋಚ. ನಾಲ್ಕನೇ ವಾರ ಅವರ ಸೊಸೆಯೇ ಫೋನ್ ಮಾಡಿದಳು, ಫಿಲ್ಟರಿನಿಂದ ನೀರು ಸಣ್ಣಗೆ ಬರುತ್ತಿದೆ ಎಂದು. ಹೋಗಲೇಬೇಕಾಯಿತು.

ಅಕ್ಕ ಎಂದಿನಂತೆಯೇ, "ಬಾ ತಮ್ಮಾ" ಎಂದರು. ನಾನು ಕ್ಯಾಂಡಲ್ ಬದಲಿಸುವವರೆಗೂ ಸುಮ್ಮನೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದರು. ನಾನು ಸಾಮಾನು ಚೀಲಕ್ಕೆ ಹಾಕುವಾಗ ಹೇಳಿದರು.

"ನೀ ಬರದದ್ದು ಸೊಸಿ ಓದಿ ಹೇಳಿದ್ಲು."

ನನ್ನ ಕೈ ಚೀಲದಲ್ಲಿಯೇ ನಿಂತಿತು. "ಅಕ್ಕಾರ, ಅದು..."

"ಸಿಟ್ಟಿಲ್ಲೋ ತಮ್ಮಾ. ಎಂಟು ವರ್ಷ ಉಂಡಾವ ನೀ. ನೀ ಅಂದ ಮ್ಯಾಲೆ ಏನರ ಇದ್ದೀತು. ನನಗೂ ವಯಸ್ಸಾತು, ಕೈ ತಪ್ಪಿರಬೇಕು. ಈಗ ಎಲ್ಲಾ ಬದಲಿ ಮಾಡೇನಿ. ಕೂಡು, ಉಂಡು ಹೇಳು."

ಕೂತೆ. ಅದೇ ಎಣ್ಣೆಗಾಯಿ. ತುತ್ತು ಇಟ್ಟ ಕೂಡಲೇ ನಾಲಿಗೆ ಎಚ್ಚರವಾಯಿತು. ಖಾರ ಚುರುಕ್ ಎಂದಿತು, ಉಪ್ಪು ತಿಳಿಯಿತು, ಹುಳಿ ತಿಳಿಯಿತು. ಎಷ್ಟೋ ದಿನಗಳ ಮೇಲೆ ಬಾಯಲ್ಲಿ ಊಟ ಇದೆ ಎನ್ನಿಸಿತು. ನಾನು ಸುಳ್ಳು ಹೇಳಲಿಲ್ಲ. "ಈಗ ನೋಡ್ರಿ ಅಕ್ಕಾರ, ಈಗ ಖರೇ ಊಟ" ಎಂದೆ. ಅವರ ಮುಖ ಸಡಿಲವಾಯಿತು. ನನ್ನ ಪಕ್ಕದ ಟೇಬಲಿನಲ್ಲಿ ಕೋರ್ಟಿನ ಇಬ್ಬರು ಗುಮಾಸ್ತರು ಕೂತಿದ್ದರು. ಇಬ್ಬರೂ ಪಲ್ಯ ಅರ್ಧ ಬಿಟ್ಟು ಮೊಸರಿನಲ್ಲಿ ರೊಟ್ಟಿ ಅದ್ದಿ ತಿಂದು, ತಂಬಿಗೆ ನೀರು ಕುಡಿದು ಎದ್ದರು. ಅದನ್ನು ನೋಡಿದೆ. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಹೊರಗೆ ಬಂದು ಗುಂಪಿನಲ್ಲಿ ಬರೆದೆ: "ಹೇಳಿದ್ದನ್ನು ಕೇಳಿ ತಿದ್ದಿಕೊಂಡಿದ್ದಾರೆ. ಹೀಗಿರಬೇಕು." ನನ್ನ ಮಾತಿಗೆ ತೂಕ ಇದೆ ಎಂಬ ಹೆಮ್ಮೆ ಬೇರೆ.

ಸತ್ಯ ಗೊತ್ತಾದದ್ದು ಏಪ್ರಿಲಿನ ಒಂದು ಮಧ್ಯಾಹ್ನ, ನನ್ನ ಮನೆಯಲ್ಲಿಯೇ. ಹೆಂಡತಿ ಹೊಲಿಯಲು ಕೊಟ್ಟಿದ್ದ ಕುಪ್ಪಸ ತರಲು ಪಕ್ಕದ ಓಣಿಗೆ ಹೋಗಿದ್ದಳು. ಮಕ್ಕಳು ಅಜ್ಜನ ಮನೆಗೆ ಹೋಗಿದ್ದರು. ನಾನು ಚಹಾಕ್ಕೆ ಹಾಲು ಇಟ್ಟು, ಹೊಸದಾಗಿ ತಂದ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಮೊಬೈಲಿನಲ್ಲಿ ಸಿನಿಮಾ ನೋಡುತ್ತ ಕೂತೆ. ಎರಡರ ಬಗ್ಗೆಯೂ ಒಟ್ಟಿಗೆ ಬರೆಯೋಣ ಎಂದು ಲೆಕ್ಕ. ಹೊಡೆದಾಟದ ಸಿನಿಮಾ, ಇಯರ್‌ಫೋನಿನಲ್ಲಿ ಸದ್ದು ಮೈಯೊಳಗೆ ಇಳಿಯುವ ಹಾಗೆ ಬರುತ್ತಿತ್ತು. ಹಾಲು ಮರೆತೇಬಿಟ್ಟೆ.

ಯಾರೋ ರಟ್ಟೆ ಹಿಡಿದು ಎಳೆದಂತಾಯಿತು. ಹೆಂಡತಿ. ಮೂಗಿಗೆ ಸೆರಗು ಒತ್ತಿಕೊಂಡಿದ್ದಳು. ನನ್ನನ್ನು ಅಂಗಳಕ್ಕೆ ತಳ್ಳಿ ಒಳಗೆ ಓಡಿದಳು, ರೆಗ್ಯುಲೇಟರ್ ಬಂದ್ ಮಾಡಿದಳು, ಕಿಟಕಿ, ಹಿತ್ತಲ ಬಾಗಿಲು ತೆರೆದಳು. ಹಾಲು ಉಕ್ಕಿ ಬೆಂಕಿ ಆರಿತ್ತು. ಗ್ಯಾಸ್ ಅಷ್ಟೂ ಹೊತ್ತು ಹರಿದಿತ್ತು. ಎದುರು ಮನೆಯವರಿಗೂ ವಾಸನೆ ಹೋಗಿ ಅವರೂ ಹೊರಗೆ ಬಂದು ನಿಂತಿದ್ದರು.

"ವಾಸನಿ ಬರಲಿಲ್ಲೇನ್ರಿ ನಿಮಗ?" ಎಂದಳು.

"ಇಲ್ಲ."

"ಈಗರ ಬರಾಕತ್ತೇತೇನು?"

ಉಸಿರು ಎಳೆದು ನೋಡಿದೆ. "ಇಲ್ಲ" ಎಂದೆ.

ಮನೆಯೊಳಗಿನ ಗಾಳಿ ತಿಳಿಯಾದ ಮೇಲೆ ಇಂಗಿನ ಡಬ್ಬಿ ತಂದು ಮುಚ್ಚಳ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದಳು. ಏನೂ ಇಲ್ಲ. ಬೆಳ್ಳುಳ್ಳಿ ಜಜ್ಜಿ ಹಿಡಿದಳು. ಇಲ್ಲ. ಊದುಬತ್ತಿ, ನೀಲಗಿರಿ ಎಣ್ಣೆ. ಎಣ್ಣೆ ಹಿಡಿದಾಗ ಮೂಗು ತಣ್ಣಗಾಯಿತು, ವಾಸನೆ ಬರಲಿಲ್ಲ. ಅವಳು ಡಬ್ಬಿಗಳನ್ನೆಲ್ಲ ಪಕ್ಕಕ್ಕೆ ಇಟ್ಟು ಕಟ್ಟೆಯ ಮೇಲೆ ಕೂತಳು. "ನಾಕ ತಿಂಗಳಿಂದ ನನ್ನ ಅಡಿಗಿಗೆ ಬೈಯಾಕತ್ತಿದ್ರಿ" ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ದಣಿವಿತ್ತು.

ಜಮಖಂಡಿಯಲ್ಲಿ ಕಿವಿ-ಮೂಗಿನ ಡಾಕ್ಟರಿಗೆ ತೋರಿಸಿದೆವು. ಕಣ್ಣು ಮುಚ್ಚಿಸಿ ಒಂದೊಂದೇ ಶೀಶೆ ಹಿಡಿದು ಕೇಳಿದರು. ಒಂದನ್ನೂ ಗುರುತಿಸಲು ನನಗೆ ಆಗಲಿಲ್ಲ. ಜ್ವರದಲ್ಲಿ ವಾಸನೆಯ ನರಕ್ಕೆ ಪೆಟ್ಟು ಬಿದ್ದಿದೆ, ನಿಧಾನಕ್ಕೆ ಬರಬಹುದು, ಪೂರ್ತಿ ಬರದೆಯೂ ಇರಬಹುದು ಎಂದರು. ನಾನು ಉಪ್ಪು ಖಾರ ತಿಳಿಯುತ್ತದಲ್ಲ ಎಂದೆ. "ಅವು ನಾಲಿಗಿವು. ಉಳಿದ ರುಚಿ ಎಲ್ಲಾ ಮೂಗಿಂದರಿ. ಮೂಗು ಹೋದವರಿಗೆ ಊಟ ಸಪ್ಪಗ ಅನಸತೈತಿ, ಅದಕ್ಕ ಉಪ್ಪು ಖಾರ ಜಾಸ್ತಿ ಬೇಡತಾರ. ಬಿ.ಪಿ. ನೋಡ್ಕೋರಿ" ಎಂದರು. ಅವರು ಬಿ.ಪಿ.ಯ ಬಗ್ಗೆ ಇನ್ನೂ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಮೊಸರಿನಲ್ಲಿ ರೊಟ್ಟಿ ಅದ್ದಿ ತಿಂದು ಎದ್ದುಹೋದ ಆ ಇಬ್ಬರು ಗುಮಾಸ್ತರು ಕಣ್ಣ ಮುಂದೆ ಬಂದರು.

ದವಾಖಾನೆಯಿಂದ ಆ ಓಣಿಗೆ ಹತ್ತು ನಿಮಿಷದ ದಾರಿ. ಹೆಂಡತಿ ಅಂದಳು, "ಹೆಂಗೂ ಬಂದೇವಿ, ಅಕ್ಕಾಗ ಹೇಳಿ ಹೋಗೂಣ ನಡೀರಿ."

"ಮುಂದಿನ ವಾರ ನಾನ ಹೋಗಿ ಹೇಳ್ತೇನಿ" ಎಂದೆ.

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಹೆಂಡತಿ ಎರಡು ಸಲ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ನಾನು ಗುಂಪಿನಲ್ಲಿ ಮೊಬೈಲ್ ಮತ್ತು ಸಿನಿಮಾಗಳ ಬಗ್ಗೆ ಮಾತ್ರ ಬರೆಯತೊಡಗಿದೆ. ಯಾರಾದರೂ ಊಟದ ಬಗ್ಗೆ ಕೇಳಿದರೆ ತಪ್ಪಿಸಿಕೊಳ್ಳುತ್ತಿದ್ದೆ. ಮುಧೋಳ ದಾರಿಯಲ್ಲಿ ಹೊಸ ಧಾಬಾ ಶುರುವಾದಾಗ ಬಹಳ ಜನ ಬೆನ್ನು ಹತ್ತಿದರು, ನಿಮ್ಮ ಅಭಿಪ್ರಾಯ ಏನು ಸರ ಎಂದು. ಹೋಗಿ ಉಂಡೆ. ಏನೂ ತಿಳಿಯಲಿಲ್ಲ. ಪಕ್ಕದಲ್ಲಿ ಕೂತವರು ದಾಲ್ ಛಲೋ ಐತಿ ಎಂದು ಮಾತಾಡಿಕೊಂಡದ್ದನ್ನು ಕೇಳಿ, ದಾಲ್ ಛಲೋ ಐತಿ ಎಂದು ಬರೆದೆ. ಮೂಗು ಹೋದದ್ದು ನನ್ನ ತಪ್ಪಲ್ಲ. ಆ ಸಾಲು ಬರೆದದ್ದು ನನ್ನ ತಪ್ಪು. ಹಾಗೆ ಒಂದೂವರೆ ತಿಂಗಳು ಕಳೆಯಿತು.

ಕೊನೆಗೂ ಹೋದದ್ದು ಮೊದಲ ಮಳೆ ಬಿದ್ದ ವಾರ. ಊಟದ ಹೊತ್ತಿಗೇ ಹೋದೆ. ಆರು ಟೇಬಲಿನಲ್ಲಿ ಎರಡನ್ನು ಮಡಚಿ ಗೋಡೆಗೆ ಒರಗಿಸಿದ್ದರು. ಉಳಿದ ನಾಲ್ಕರಲ್ಲಿ ಒಂದರಲ್ಲಿ ಮಾತ್ರ ಸಂತೆಯ ಚೀಲ ಇಟ್ಟುಕೊಂಡ ಒಬ್ಬರು ಉಣ್ಣುತ್ತಿದ್ದರು. ಅವರು ಎದ್ದುಹೋಗುವವರೆಗೆ ಕಾದೆ. ಅಕ್ಕ ತಟ್ಟೆ ಹಾಕಲು ಬಂದರು. ಬೇಡ ಎಂದು ಕೈ ಅಡ್ಡ ಹಿಡಿದು, ಕೂತುಕೊಳ್ಳಲು ಹೇಳಿ, ಎಲ್ಲವನ್ನೂ ಹೇಳಿದೆ. ಜ್ವರ, ಗ್ಯಾಸ್, ಡಾಕ್ಟರು ಹೇಳಿದ್ದು. ಒಲೆಯ ಮುಂದೆ ಸೊಸೆ ರೊಟ್ಟಿ ಬಡಿಯುವುದು ನಿಂತಿತು.

"ಹಂಗಂದ್ರ, ಮೊದಲ ಮಾಡತಿದ್ದದ್ದು ಸರಿ ಇತ್ತು?" ಎಂದರು ಅಕ್ಕ.

"ಇತ್ರಿ ಅಕ್ಕಾರ."

"ಈಗ ಮಾಡಾಕತ್ತಿದ್ದು?"

"ನನಗ ತಿಳ್ಯಾಂಗಿಲ್ರಿ. ಆದ್ರ ನನಗ ಛಲೋ ಅನಿಸೇತಿ ಅಂದ್ರ ಉಳದವರಿಗೆ ಉಪ್ಪು ಖಾರ ಹೆಚ್ಚಾಗಿರಬೇಕು."

ಒಲೆಯ ಕಡೆಯಿಂದ ಸೊಸೆ ಹೇಳಿದಳು. "ನಾ ಹೇಳಿದ್ನಿ ಅತ್ತಿಯವರಿಗೆ. ಉಪ್ಪು ಬಾಯಾಗ ಇಡಾಕ ಬರವಲ್ದು ಅಂತ ಎಷ್ಟ ಸಲ ಹೇಳಿದ್ನಿ. ಅಣ್ಣಾರ ಬರದಾರ, ಅಣ್ಣಾರ ಛಲೋ ಅಂದಾರ ಅಂತ ನನ್ನ ಮಾತ ಕೇಳಲಿಲ್ಲ." ಅವಳು ನನ್ನ ಕಡೆ ನೋಡಲಿಲ್ಲ. ಹಂಚಿನ ಕಡೆ ನೋಡುತ್ತಲೇ ಹೇಳಿದಳು. "ಕಾಲೇಜಿನವರು ಹನ್ನೊಂದು ಮಂದಿ ಇದ್ರು. ಒಬ್ಬೊಬ್ಬರ ಬಿಟ್ರು. ಯಾರೂ ಉಪ್ಪು ಹೆಚ್ಚಾಗೇತಿ ಅನ್ನಲಿಲ್ಲ. ಮುಖಾ ನೋಡಿ ಹೆಂಗ ಅಂದಾರು? ಸುಮ್ಮನ ಬರೂದು ಬಿಟ್ರು."

ಅಕ್ಕ ಅವಳಿಗೆ ಸುಮ್ಮನಿರು ಎಂದು ಕೈ ಮಾಡಿದರು. ಆಮೇಲೆ ನನ್ನನ್ನು ಕೇಳಿದರು. "ನಿನಗ ಯಾವಾಗ ಗೊತ್ತಾತು?"

ಆ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಮೊನ್ನೆ ಎಂದು ಹೇಳಬಹುದಿತ್ತು. "ಒಂದೂವರಿ ತಿಂಗಳಾತ್ರಿ" ಎಂದೆ.

"ಒಂದೂವರಿ ತಿಂಗಳು" ಎಂದರು. ಅಷ್ಟೇ. ಟೇಬಲಿನ ಮೇಲೆ ಬಿದ್ದಿದ್ದ ರೊಟ್ಟಿಯ ಚೂರುಗಳನ್ನು ಅಂಗೈಯಿಂದ ಒಂದು ಕಡೆಗೆ ಸರಿಸುತ್ತ ಕೂತರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. "ನಾ ಯಾವತ್ತೂ ನೆಕ್ಕಿ ನೋಡಿದಾಕಿ ಅಲ್ಲ. ನೀ ಬರದ ಮ್ಯಾಲೆ ದಿನಾ ನೆಕ್ಕಿ ನೋಡಾಕ ಸುರು ಮಾಡಿದ್ನಿ. ಹತ್ತ ಸಲ ನೋಡಿದ್ರ ಹತ್ತ ನಮೂನಿ. ಒಮ್ಮೆ ಕಡಿಮಿ ಅನಸತಿತ್ತು, ಒಮ್ಮೆ ಹೆಚ್ಚು. ಕಡೀಕ ನನಗ ಏನೂ ತಿಳೀದಂಗಾತು. ನನ್ನ ನಾಲಿಗಿನ ಸತ್ತೈತಿ ಅನ್ಕೊಂಡಿದ್ನಿ."

"ಮೂಗು ತಿರಗಿ ಬರತೈತೇನು?" ಎಂದು ಕೇಳಿದರು.

"ಹೇಳಾಕ ಬರಾಂಗಿಲ್ಲ ಅಂದಾರ್ರಿ."

"ಗ್ಯಾಸಿನ ಮುಂದ ಒಬ್ಬಾವನ ಇರಬ್ಯಾಡ" ಎಂದರು.

ನಾನು ಎದ್ದು ನಿಂತು, ಇದ್ದದ್ದು ಇದ್ದ ಹಾಗೆ ಗುಂಪಿನಲ್ಲಿ ಬರೆಯುತ್ತೇನೆ, ಇಲ್ಲಿಯ ಊಟ ಎಷ್ಟು ಛಲೋ ಎಂದು ಎಲ್ಲರಿಗೂ ಹೇಳುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ನನ್ನ ಬಗ್ಗೆ ಏನೂ ಬರೀಬ್ಯಾಡ. ಛಲೋ ಅಂತೂ ಬ್ಯಾಡ. ನಿನ್ನ ಬಗ್ಗೆ ಬರಿ."

ಬರೆದೆ. ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ, ಮೂಗು ಹೋದದ್ದು, ಹೋದ ಮೇಲೆ ಬರೆದದ್ದು, ಗೊತ್ತಾದ ಮೇಲೂ ಮುಚ್ಚಿಟ್ಟದ್ದು, ಧಾಬಾದ ದಾಲು, ಎಲ್ಲವನ್ನೂ ಬರೆದು ಕಳಿಸಿದೆ. ಇಬ್ಬರು ಬೇಗ ಹುಷಾರಾಗಿರಿ ಎಂದರು. ಯಾರೋ ಮೂಗಿಲ್ಲದ ಮುಖದ ಚಿತ್ರ ಹಾಕಿದರು, ಅದಕ್ಕೆ ಎಲ್ಲರೂ ನಕ್ಕರು. ಸಂಜೆಯೊಳಗೆ ಮಾತು ಬೇರೆ ಕಡೆ ಹೋಗಿತ್ತು. ಎಣ್ಣೆಗಾಯಿಗೆ ಬೈದದ್ದು ಎಷ್ಟೋ ಗುಂಪುಗಳಿಗೆ ಹೋಗಿತ್ತು. ಇದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ನಾನು ಕಾಲೇಜಿಗೆ ಹೋಗಿ ಆ ಮಾಸ್ತರರನ್ನು ಹುಡುಕಿ ನಡೆದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡು, "ನಾವೀಗ ಬ್ಯಾರೆ ಕಡೆ ತಿಂಗಳ ಊಟ ಹಚ್ಚೇವ್ರಿ. ನಡುವ ಬಿಡಾಕ ಬರಾಂಗಿಲ್ಲ" ಎಂದರು. ಆದರೂ ಅವರು ಎರಡು ಸಲ ಅಕ್ಕನಲ್ಲಿಗೆ ಹೋಗಿ ಉಂಡು ಬಂದರೆಂದು ಆಮೇಲೆ ತಿಳಿಯಿತು. ಗುಂಪಿನಿಂದ ನಾನು ಹೊರಗೆ ಬಂದೆ. ಯಾರೂ ಯಾಕೆ ಎಂದು ಕೇಳಲಿಲ್ಲ.

ದಸರೆಯ ಹೊತ್ತಿಗೆ ಖಾನಾವಳಿ ನಿಂತಿತು. ಪಡಸಾಲೆಯಲ್ಲಿ ಈಗ ಸೊಸೆ ರೊಟ್ಟಿ ಮತ್ತು ಚಟ್ನಿ ಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ಅವಳ ರೊಟ್ಟಿಗೆ ಬೇಡಿಕೆ ಇದೆ, ಬದುಕು ನಡೆದಿದೆ. ಕೂತು ಉಣ್ಣುವ ಊಟ ಇಲ್ಲ, ಪಲ್ಯ ಇಲ್ಲ. ಅಕ್ಕ ಹುನ್ನೂರಿಗೆ ಹೋದರು.

ನನ್ನ ಮೂಗು ಅರ್ಧ ಬಂದಿದೆ, ಅದೂ ಸೊಟ್ಟಗೆ. ಉಳ್ಳಾಗಡ್ಡಿ ಹುರಿದರೆ ಟಯರ್ ಸುಟ್ಟ ವಾಸನೆ. ಮಲ್ಲಿಗೆಗೆ ವಾಸನೆಯೇ ಇಲ್ಲ. ಒಮ್ಮೊಮ್ಮೆ ಬೆಳಗಿನ ಚಹಾದಲ್ಲಿ ಒಂದು ಗುಟುಕು ಮಾತ್ರ ಹಳೆಯ ಚಹಾದಂತೆ ಬಂದು ಹೋಗುತ್ತದೆ. ಹೆಂಡತಿ ಏನು ಬಡಿಸಿದರೂ ಉಣ್ಣುತ್ತೇನೆ. ಅವಳು ಹೆಂಗೈತಿ ಎಂದು ಕೇಳುವುದಿಲ್ಲ.

ಹೋದ ತಿಂಗಳು ಹುನ್ನೂರಿನ ಸಾಲೆಯ ಫಿಲ್ಟರ್ ರಿಪೇರಿಗೆ ಹೋಗಿದ್ದೆ. ಬರುವಾಗ ಅಕ್ಕನ ಹೊಲದ ಕಡೆ ಗಾಡಿ ತಿರುಗಿಸಿದೆ. ಆಳುಗಳಿಗೆ ಊಟ ತಯಾರಾಗುತ್ತಿತ್ತು. ಅಕ್ಕ ನನ್ನನ್ನು ನೋಡಿ, "ಬಾ ತಮ್ಮಾ, ಉಣ್ಣಾಕ ಕೂಡು" ಎಂದರು. ಮೂರು ಕಲ್ಲಿನ ಒಲೆಯ ಮೇಲೆ ಪುಂಡಿ ಪಲ್ಯ ಕುದಿಯುತ್ತಿತ್ತು. ಅವರು ಸೌಟಿನಲ್ಲಿ ಸ್ವಲ್ಪ ತೆಗೆದು, ಬೇವಿನ ನೆರಳಲ್ಲಿ ಕೂತಿದ್ದ ಗಂಡನ ಕೈಗೆ ಹಾಕಿದರು. "ಉಪ್ಪ ನೋಡ್ರಿ ಒಂದೀಟು."

ಗಂಡ ನೆಕ್ಕಿ, ಸರಿ ಐತಿ ಎಂದರು. ಅಕ್ಕ ನೀರು ತರಲು ಬಾವಿಯ ಕಡೆ ಹೋದಾಗ ನನಗೆ ಹೇಳಿದರು. "ಮದಿವ್ಯಾಗಿ ಇಷ್ಟ ವರ್ಷಕ್ಕ ಒಮ್ಮೆಯೂ ನನ್ನ ಕೇಳಿದಾಕಿ ಅಲ್ರಿ. ಈಗ ದಿನಾ ಕೇಳತಾಳ. ಪಲ್ಲೆ ಮೊದಲಿನಂಗ ಆಗಾಕತ್ತೇತಿ. ಆದ್ರ ಹೇಳಿದ್ರ ನಂಬಾಂಗಿಲ್ಲ. ಜಮಖಂಡ್ಯಾಗ ಯಾವನೋ ಏನೋ ಬರದಿದ್ನಂತ."

ಯಾರು ಬರೆದದ್ದು ಎಂದು ಅಕ್ಕ ಅವರಿಗೆ ಹೇಳಿರಲಿಲ್ಲ.

"ನಾನ ಬರದಿದ್ನಿರಿ" ಎಂದೆ.

ಅವರು ನನ್ನ ಕಡೆ ತಿರುಗಿದರು. ಕೊಡ ಹೊತ್ತು ಅಕ್ಕ ತಿರುಗಿ ಬರುವುದು ಕಾಣಿಸಿತು. "ಆಕಿ ಮುಂದ ಆ ಮಾತ ಮತ್ತ ತಗೀಬ್ಯಾಡ್ರಿ" ಎಂದು ತಗ್ಗಿದ ದನಿಯಲ್ಲಿ ಹೇಳಿ, ನನ್ನ ಮುಂದೆ ತಟ್ಟೆ ಸರಿಸಿ, ಆಳುಗಳನ್ನು ಊಟಕ್ಕೆ ಕರೆಯಲು ಎದ್ದುಹೋದರು.